ಡೈಲಿಮೆಡ್: ಔಷಧದ ಪೂರ್ತಿ ಮಾಹಿತಿಗೆ ನಾನು ಮೊದಲು ತೆರೆಯುವ ತಾಣ

ನಾನು ಆಸ್ಪತ್ರೆಯ ಫಾರ್ಮಸಿಸ್ಟ್. ವಾರ್ಡ್‌ಗಳಿಂದ ನನಗೆ ಬರುವ ಫೋನ್‌ಗಳೆಲ್ಲ ಹೆಚ್ಚೂಕಡಿಮೆ ಒಂದೇ ಥರ. ಈ ಇಂಜೆಕ್ಷನ್ ಯಾವುದರಲ್ಲಿ ಡೈಲ್ಯೂಟ್ ಮಾಡಬೇಕು? ಎಷ್ಟು ಹೊತ್ತಿನಲ್ಲಿ ಹೋಗಬೇಕು? ನೀರು ಹಾಕಿ ಕಲಸಿದ ಸಿರಪ್ ಎಷ್ಟು ದಿನ ಇಡಬಹುದು? ಕಿಡ್ನಿ ಸರಿ ಇಲ್ಲದವರಿಗೆ ಡೋಸ್ ಏನು? ಇಂಥ ಪ್ರಶ್ನೆಗೆ ನೆನಪಿನಿಂದ ಉತ್ತರ ಹೇಳುವುದು ನನಗೆ ಇಷ್ಟವಿಲ್ಲ. ಡೈಲಿಮೆಡ್ ತೆರೆದು, ಓದಿ, ಆಮೇಲೆ ಹೇಳುತ್ತೇನೆ.

ಔಷಧದ ಡಬ್ಬಿಯೊಳಗೆ ಮಡಚಿಟ್ಟ ಉದ್ದನೆಯ ಕಾಗದ ಇರುತ್ತದಲ್ಲ, ಕಣ್ಣಿಗೆ ಕಾಣದಷ್ಟು ಸಣ್ಣ ಅಕ್ಷರದ್ದು? ಅದರ ಪೂರ್ತಿ ಪಠ್ಯ ಇಲ್ಲಿ ಸಿಗುತ್ತದೆ. ತಾಣವನ್ನು ನಡೆಸುವುದು ಅಮೆರಿಕದ ನ್ಯಾಷನಲ್ ಲೈಬ್ರರಿ ಆಫ್ ಮೆಡಿಸಿನ್. ಆ ಕಾಗದಕ್ಕೆ ಅಲ್ಲಿ ಲೇಬಲ್ ಅನ್ನುತ್ತಾರೆ; ಕಂಪನಿಗಳು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಗೆ ಸಲ್ಲಿಸಿದ ಲೇಬಲ್‌ಗಳೇ ಇಲ್ಲಿಗೆ ಬರುತ್ತವೆ. ದುಡ್ಡು ಕೊಡಬೇಕಿಲ್ಲ, ಲಾಗಿನ್ ಬೇಡ, ಜಾಹೀರಾತಿನ ಕಾಟವೂ ಇಲ್ಲ. ರಾತ್ರಿ ಪಾಳಿಯಲ್ಲಿ ಪಾಸ್‌ವರ್ಡ್ ಹುಡುಕುತ್ತಾ ಕೂರದೆ ಸೀದಾ ಮಾಹಿತಿಗೆ ಹೋಗಬಹುದು ಅನ್ನುವುದು ನನ್ನ ಮಟ್ಟಿಗೆ ದೊಡ್ಡ ಅನುಕೂಲ.

ಇದರ ನಿಜವಾದ ಬಲ ಭಾಗಗಳ ಸಂಖ್ಯೆಯಲ್ಲಿದೆ. 2006ರಲ್ಲಿ ಎಫ್‌ಡಿಎ ಲೇಬಲ್‌ನ ರೂಪ ಬದಲಾಯಿಸಿತು. ಆ ರೂಪದ ಯಾವ ಔಷಧ ತೆಗೆದರೂ ಡೋಸ್ 2ನೇ ಭಾಗದಲ್ಲಿ, ಯಾರಿಗೆ ಕೊಡಲೇಬಾರದು ಅನ್ನುವುದು 4ರಲ್ಲಿ, ಎಚ್ಚರಿಕೆಗಳು 5ರಲ್ಲಿ, ಬೇರೆ ಔಷಧಗಳ ಜೊತೆಗಿನ ತೊಂದರೆ 7ರಲ್ಲಿ. ಗರ್ಭಿಣಿ, ಬಾಣಂತಿ, ಮಕ್ಕಳು, ವಯಸ್ಸಾದವರು 8ರಲ್ಲಿ. ಡೋಸ್ ಜಾಸ್ತಿ ಆದರೆ ಏನು ಅನ್ನುವುದು 10, ಇಡುವ ಬಗೆ 16. ಈ ಸಂಖ್ಯೆಗಳು ಬಾಯಿಪಾಠ ಆದಮೇಲೆ, ಮೂವತ್ತು ಪುಟದ ಲೇಬಲ್‌ನಲ್ಲೂ ಬೇಕಾದ ಸಾಲು ಬೇಗ ಸಿಗುತ್ತದೆ. ಹೊಸದಾಗಿ ಕೆಲಸಕ್ಕೆ ಸೇರುವವರಿಗೆ ನಾನು ಮೊದಲು ಕಲಿಸುವುದೇ ಇದು.

ಒಂದು ಉದಾಹರಣೆ ಹೇಳುತ್ತೇನೆ. "ಸರ್, ಆರ್‌ಎಲ್ ಹೋಗ್ತಾ ಇದೆ, ಅದೇ ಲೈನ್‌ನಲ್ಲಿ ಸೆಫ್ಟ್ರಿಯಾಕ್ಸೋನ್ ಹಾಕಬಹುದಾ?" ಅಂತ ಸಿಸ್ಟರ್ ಕೇಳುತ್ತಾರೆ. ಆರ್‌ಎಲ್ ಅಂದರೆ ರಿಂಗರ್ ಲ್ಯಾಕ್ಟೇಟ್, ಕ್ಯಾಲ್ಸಿಯಂ ಇರುವ ಡ್ರಿಪ್; ಸೆಫ್ಟ್ರಿಯಾಕ್ಸೋನ್ ಒಂದು ಆಂಟಿಬಯಾಟಿಕ್. ಸೆಫ್ಟ್ರಿಯಾಕ್ಸೋನ್ ಲೇಬಲ್ ತೆರೆದು, ಪುಟದಲ್ಲಿ ಕ್ಯಾಲ್ಸಿಯಂ ಅನ್ನುವ ಪದ ಹುಡುಕಿದರೆ ಸಾಕು. ಕ್ಯಾಲ್ಸಿಯಂ ಇರುವ ದ್ರವದಲ್ಲಿ ಇದನ್ನು ಕಲಸಬಾರದು. ಎರಡು ಲೈನ್ ಸೇರುವ ವೈ ಸೈಟ್ ಮೂಲಕವೂ ಎರಡನ್ನೂ ಒಟ್ಟಿಗೆ ಬಿಡಬಾರದು. ನವಜಾತ ಶಿಶುವಲ್ಲದಿದ್ದರೆ ಒಂದಾದ ಮೇಲೆ ಒಂದು ಕೊಡಬಹುದು, ಆದರೆ ನಡುವೆ ಲೈನನ್ನು ಹೊಂದುವ ದ್ರವದಿಂದ ಚೆನ್ನಾಗಿ ತೊಳೆಯಬೇಕು. ಕ್ಯಾಲ್ಸಿಯಂ ಇರುವ ಡ್ರಿಪ್ ಬೇಕಾಗುವ ನವಜಾತ ಶಿಶುವಿಗೆ ಈ ಔಷಧವೇ ಕೂಡದು. ಯಾಕೆ ಅನ್ನುವುದೂ ಅಲ್ಲೇ ಇದೆ: ಎರಡೂ ಸೇರಿ ಗಟ್ಟಿಯಾಗಿ ಶ್ವಾಸಕೋಶ, ಕಿಡ್ನಿಗಳಲ್ಲಿ ಕೂತು ಶಿಶುಗಳು ತೀರಿಕೊಂಡ ಪ್ರಕರಣಗಳಿವೆ. ಹಾಗಾಗಿ ನಾನು ಮೊದಲು ಕೇಳುವುದು, "ಪೇಷೆಂಟ್‌ಗೆ ಎಷ್ಟು ವಯಸ್ಸು ಸಿಸ್ಟರ್?" ಬರೀ "ಬೇಡ" ಅಂದರೆ ಮುಂದಿನ ಪಾಳಿಯವರಿಗೆ ಅದು ತಲುಪುವುದಿಲ್ಲ. ಕಾರಣ ಗೊತ್ತಾದರೆ ಅವರೇ ನೆನಪಿಟ್ಟುಕೊಂಡು ಹೇಳುತ್ತಾರೆ.

ಲೇಬಲ್‌ಗಳು ಬದಲಾಗುತ್ತಲೇ ಇರುತ್ತವೆ, ಇದನ್ನು ಮರೆಯಬಾರದು. ಸಕ್ಕರೆ ಕಾಯಿಲೆಯ ಔಷಧ ಮೆಟ್‌ಫಾರ್ಮಿನ್ ನೋಡಿ. ಮೊದಲು ರಕ್ತದ ಕ್ರಿಯಾಟಿನಿನ್ ನೋಡಿ ಕೊಡಬೇಕಾ ಬೇಡವಾ ಅಂತ ತೀರ್ಮಾನಿಸುತ್ತಿದ್ದರು: ಗಂಡಸರಿಗೆ 1.5, ಹೆಂಗಸರಿಗೆ 1.4 ಮುಟ್ಟಿದರೆ ಕೊಡುವಂತಿರಲಿಲ್ಲ. 2016ರಲ್ಲಿ ಎಫ್‌ಡಿಎ ಅದನ್ನು ಇಜಿಎಫ್‌ಆರ್‌ಗೆ, ಅಂದರೆ ಕಿಡ್ನಿ ಎಷ್ಟು ಸೋಸುತ್ತದೆ ಅನ್ನುವ ಅಂದಾಜು ಲೆಕ್ಕಕ್ಕೆ, ಬದಲಾಯಿಸಲು ಹೇಳಿತು. 30ಕ್ಕಿಂತ ಕಡಿಮೆ ಇದ್ದರೆ ಕೊಡಬಾರದು, 30ರಿಂದ 45ರ ನಡುವೆ ಇದ್ದರೆ ಹೊಸದಾಗಿ ಶುರು ಮಾಡುವುದು ಬೇಡ. ಗೋಡೆಗೆ ಅಂಟಿಸಿದ ಹಳೇ ಚಾರ್ಟ್ ನೋಡುತ್ತಿದ್ದರೆ ಇದು ಗೊತ್ತೇ ಆಗುವುದಿಲ್ಲ. ಹೊಸ ರೂಪದ ಲೇಬಲ್‌ನಲ್ಲಿ ಮೊದಲಿಗೆ ಸಾರಾಂಶ ಇರುತ್ತದೆ, ಅದರ ಕೊನೆಗೆ ಪರಿಷ್ಕರಿಸಿದ ತಿಂಗಳು, ವರ್ಷ. ಅದನ್ನು ನೋಡದೆ ಮುಂದೆ ಹೋಗಬೇಡಿ.

ಗರ್ಭಿಣಿಯರ ವಿಷಯಕ್ಕೆ ಬಂದರೆ, "ಇದು ಬಿ ಕ್ಯಾಟಗರಿನಾ, ಸಿ ಕ್ಯಾಟಗರಿನಾ?" ಅಂತ ಕೇಳುವವರು ಈಗಲೂ ಇದ್ದಾರೆ. ಗರ್ಭದಲ್ಲಿನ ಅಪಾಯವನ್ನು ಒಂದೊಂದು ಅಕ್ಷರದಲ್ಲಿ ಹೇಳುವ ಹಳೇ ಪದ್ಧತಿ ಅದು. 2015ರಲ್ಲಿ ಜಾರಿಗೆ ಬಂದ ನಿಯಮ ಆ ಅಕ್ಷರಗಳನ್ನೇ ಕೈಬಿಟ್ಟಿತು. ಈಗ 8.1ರಲ್ಲಿ ಅಪಾಯ ಏನು, ಆ ಮಾತಿಗೆ ಆಧಾರ ಏನು ಅಂತ ಬಿಡಿಸಿ ಬರೆದಿರುತ್ತಾರೆ. ಓದಲು ಸ್ವಲ್ಪ ಹೊತ್ತು ಬೇಕು, ಆದರೆ ಒಂದು ಅಕ್ಷರ ನೋಡಿ ಹೆದರುವುದಕ್ಕಿಂತ ಇದು ಎಷ್ಟೋ ವಾಸಿ. ಎದೆಹಾಲಿನ ಬಗ್ಗೆ 8.2 ಮಾತ್ರ ಹಲವು ಸಲ ಸಾಲದು. ಮಾಹಿತಿ ಇಲ್ಲ ಅಂತ ಒಂದೆರಡು ಸಾಲಿನಲ್ಲಿ ಮುಗಿಸಿರುತ್ತಾರೆ. ಆಗ ನಾನು ಲ್ಯಾಕ್ಟ್‌ಮೆಡ್‌ಗೆ ಹೋಗುತ್ತೇನೆ. ಅದೂ ಉಚಿತ. ಹಾಲಿನಲ್ಲಿ ಎಷ್ಟು ಔಷಧ ಬರುತ್ತದೆ, ಮಗುವಿಗೆ ಏನಾಗಬಹುದು, ಬದಲಿಗೆ ಯಾವುದನ್ನು ಕೊಡಬಹುದು ಅಂತ ಅಲ್ಲಿ ಸಿಗುತ್ತದೆ. ಸುಮ್ನೆ ಹಾಲು ನಿಲ್ಲಿಸಿ ಅಂತ ತಾಯಂದಿರಿಗೆ ಹೇಳುವ ಮೊದಲು ದಯವಿಟ್ಟು ಅದನ್ನೊಮ್ಮೆ ನೋಡಿ.

ಕೊರತೆಗಳೂ ಇವೆ. ಸಾಮಾನ್ಯ ಜೆನೆರಿಕ್ ಹೆಸರು ಹಾಕಿದರೆ ಒಂದೇ ಔಷಧಕ್ಕೆ ರಾಶಿ ಲೇಬಲ್ ಬಂದು ಬೀಳುತ್ತವೆ. ತಯಾರಿಸಿದವರದ್ದು ಬೇರೆ, ಮತ್ತೆ ಪ್ಯಾಕ್ ಮಾಡಿದವರದ್ದು ಬೇರೆ. ಹೊಸಬರು ಮೊದಲು ಕಂಡದ್ದನ್ನೇ ತೆರೆದುಬಿಡುತ್ತಾರೆ, ಅದು ಹಳೆಯದೂ ಆಗಿರಬಹುದು. ಹಳೇ ಔಷಧಗಳಲ್ಲಿ ಎಷ್ಟೋ ಈಗಲೂ ಹಿಂದಿನ ರೂಪದಲ್ಲೇ ಇವೆ, ಸಾರಾಂಶವೂ ಇಲ್ಲ, ಭಾಗಗಳ ಸಂಖ್ಯೆಯೂ ಇಲ್ಲ. ಎಫ್‌ಡಿಎ ಒಪ್ಪಿಗೆ ಇಲ್ಲದ ಉತ್ಪನ್ನಗಳೂ ಅದೇ ಪಟ್ಟಿಯಲ್ಲಿ ಕೂತಿರುತ್ತವೆ. ಹಾಗಂತ ಪುಟದಲ್ಲೇ ಬರೆದಿರುತ್ತಾರೆ, ಆದರೆ ಅವಸರದಲ್ಲಿ ಕಣ್ತಪ್ಪುವುದು ಸುಲಭ.

ಇದು ಅಮೆರಿಕದ ಲೇಬಲ್ ಅನ್ನುವುದು ಸದಾ ತಲೆಯಲ್ಲಿರಬೇಕು. ಸಾಲ್‌ಬುಟಮಾಲ್ ಅಲ್ಲಿ ಆಲ್‌ಬ್ಯುಟೆರಾಲ್, ಪ್ಯಾರಸಿಟಮಾಲ್ ಅಸಿಟಮಿನೋಫೆನ್. ಡೊಂಪೆರಿಡೋನ್‌ಗೆ ಅಲ್ಲಿ ಮನುಷ್ಯರ ಬಳಕೆಗೆ ಒಪ್ಪಿಗೆಯೇ ಇಲ್ಲ. ಅಂಥದ್ದಕ್ಕೆ ನಾನು ಬ್ರಿಟನ್ನಿನ ಇಂಥದ್ದೇ ಔಷಧ ಮಾಹಿತಿಯ ತಾಣ ಇಎಂಸಿ ನೋಡುತ್ತೇನೆ. ಅಲ್ಲಿನ ಸಂಖ್ಯೆಗಳು ಬೇರೆ: ಡೋಸ್ 4.2, ಬೇರೆ ಔಷಧಗಳ ಜೊತೆಗಿನ ತೊಂದರೆ 4.5, ಇಡುವ ಬಗೆ 6.4. ಕೈಯಲ್ಲಿರುವ ವಯಲ್ ಜೊತೆ ಬಂದ ಕಾಗದ ಬೇರೆ ಮಾತು ಹೇಳಿದರೆ, ಆ ವಯಲ್‌ಗೆ ಆ ಕಾಗದವೇ ಸರಿ. ಕಲಸಿದ ಮೇಲೆ ಎಷ್ಟು ಹೊತ್ತು ಇಡಬಹುದು ಅನ್ನುವಂಥ ವಿಷಯ ಕಂಪನಿಯಿಂದ ಕಂಪನಿಗೆ ಬದಲಾಗಬಹುದು.

ನಾನು ಉತ್ತರ ಕೊಟ್ಟಾಗ ಯಾವ ಕಂಪನಿಯ ಲೇಬಲ್, ಯಾವ ತಿಂಗಳು ಪರಿಷ್ಕರಿಸಿದ್ದು ಅಂತ ರಿಜಿಸ್ಟರ್‌ನಲ್ಲಿ ಬರೆದಿಡುತ್ತೇನೆ. ಡೈಲಿಮೆಡ್ ಹಳೇ ಆವೃತ್ತಿಗಳನ್ನೂ ಇಟ್ಟುಕೊಂಡಿರುತ್ತದೆ. ಹಾಗಾಗಿ ಆಮೇಲೆ ಯಾರಾದರೂ ಪ್ರಶ್ನೆ ಎತ್ತಿದರೆ, ಅವತ್ತು ಲೇಬಲ್‌ನಲ್ಲಿ ಏನಿತ್ತು ಅಂತ ತೆರೆದು ತೋರಿಸಬಹುದು.