ದ್ರಾವಣಕ್ಕೆ ಅಂಕ ಕೊಡುತ್ತೇನೆ, ಲೇಬಲ್ಲಿಗೆ ಕೊಡುವುದಿಲ್ಲ: ಒಂದು ಕೈಟೋಸಾನ್ ಬಾಟಲಿಯ ವಿಮರ್ಶೆ

ಐದರಲ್ಲಿ ಮೂರು ನಕ್ಷತ್ರ. ಕಳೆದ ಎರಡೂ ನಕ್ಷತ್ರಗಳು ಲೇಬಲ್ ಬರೆದವರ ಲೆಕ್ಕಕ್ಕೆ ಹೋಗಲಿ. ಒಳಗಿರುವ ದ್ರಾವಣದ ಮೇಲೆ ನನಗೆ ದೊಡ್ಡ ತಕರಾರಿಲ್ಲ. ಬಾಟಲಿಯ ಮುಂಬದಿಯಲ್ಲಿ ‘ಗಿಡಗಳಿಗೆ ಲಸಿಕೆ’ ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕಿದ್ದಾರೆ. ಅದರ ಕೆಳಗೆ ಬೂದಿ ರೋಗ, ಅಂಗಮಾರಿ, ತುಕ್ಕು, ಸೊರಗು, ಎಲೆ ಮುಟುರು, ಎಲ್ಲವನ್ನೂ ಗುಣಪಡಿಸುತ್ತದೆ ಎಂಬ ಪಟ್ಟಿ. ಮುಖ್ಯ ವಸ್ತು ಕೈಟೋಸಾನ್ ಎಂಬುದು ಹಿಂಬದಿಯಲ್ಲಿ, ಭೂತಗನ್ನಡಿ ಹಿಡಿದು ಓದುವಷ್ಟು ಸಣ್ಣಗೆ ಇದೆ. ನಾನು ಕೊಂಡದ್ದು ಆ ಸಣ್ಣ ಸಾಲನ್ನು ನೋಡಿ.

ಕೈಟೋಸಾನ್ ತಯಾರಾಗುವುದು ಕೈಟಿನ್‌ನಿಂದ. ಏಡಿ, ಸೀಗಡಿಗಳ ಚಿಪ್ಪಿನಲ್ಲಿರುವ ಈ ವಸ್ತು ಶಿಲೀಂಧ್ರಗಳ ಕೋಶಭಿತ್ತಿಯಲ್ಲೂ ಇದೆ. ಗಿಡದ ಮೈಯಲ್ಲಿ ಮಾತ್ರ ಎಲ್ಲಿಯೂ ಇಲ್ಲ. ಆದ್ದರಿಂದ ಕೈಟಿನ್ ತುಣುಕು ಎಲೆಯ ಜೀವಕೋಶಕ್ಕೆ ತಗುಲಿತೆಂದರೆ ಶಿಲೀಂಧ್ರ ಬಾಗಿಲಿಗೆ ಬಂದಿದೆ ಎಂದೇ ಗಿಡದ ಲೆಕ್ಕ. ಅದನ್ನು ಗುರುತಿಸುವ ಗ್ರಾಹಕ ಪ್ರೋಟೀನುಗಳು ಕೋಶದ ಹೊರಪೊರೆಯಲ್ಲಿ ಕಾದು ಕುಳಿತಿರುತ್ತವೆ. ಭತ್ತದಲ್ಲಿ ಅಂಥದೊಂದನ್ನು 2006ರಲ್ಲಿ ಪತ್ತೆಹಚ್ಚಿದರು. ಸುಳಿವು ಸಿಕ್ಕ ಕೆಲವೇ ನಿಮಿಷಗಳಲ್ಲಿ ಕೋಶದೊಳಕ್ಕೆ ಕ್ಯಾಲ್ಸಿಯಂ ನುಗ್ಗುತ್ತದೆ, ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತದೆ. ಆಮೇಲೆ ನಿಧಾನವಾದ ಕೆಲಸಗಳು ಶುರುವಾಗುತ್ತವೆ: ಕೋಶಭಿತ್ತಿಗೆ ಒಳಗಿನಿಂದ ಕ್ಯಾಲೋಸ್ ಪದರ ಮೆತ್ತಿಕೊಳ್ಳುವುದು, ಶಿಲೀಂಧ್ರದ ಗೋಡೆಯನ್ನೇ ಕತ್ತರಿಸುವ ಕೈಟಿನೇಸ್ ಕಿಣ್ವ ಸಿದ್ಧವಾಗುವುದು, ಫೈಟೊಅಲೆಕ್ಸಿನ್ ಎಂಬ ವಿಷಗಳು ತಯಾರಾಗುವುದು. ಕೈಟೋಸಾನ್ ಕೂಡ ಇದೇ ಬಗೆಯ ಗದ್ದಲ ಎಬ್ಬಿಸುತ್ತದೆ. ಕಳ್ಳ ಬರುವ ಮೊದಲೇ ‘ಕಳ್ಳ, ಕಳ್ಳ’ ಎಂದು ಕೂಗಿ ಓಣಿಯವರನ್ನೆಲ್ಲ ಎಬ್ಬಿಸಿದ ಹಾಗೆ. ಕಳ್ಳನನ್ನು ಹಿಡಿಯಬೇಕಾದವರು ಓಣಿಯವರೇ.

ಶಿಲೀಂಧ್ರಗಳೂ ಸುಮ್ಮನೆ ಕೂರುವುದಿಲ್ಲ. ಟೊಮೆಟೊ ಎಲೆಯ ಮೇಲೆ ಬೂಷ್ಟು ಬರಿಸುವ ಒಂದು ಶಿಲೀಂಧ್ರವಿದೆ. ತನ್ನ ಗೋಡೆಯಿಂದ ಉದುರಿದ ಕೈಟಿನ್ ತುಣುಕುಗಳು ಗಿಡದ ಕಣ್ಣಿಗೆ ಬೀಳದಂತೆ ಅವನ್ನು ಹಿಡಿದಿಟ್ಟುಕೊಳ್ಳುವುದಕ್ಕೆಂದೇ ಅದು ಒಂದು ಪ್ರೋಟೀನನ್ನು ಹೊರಬಿಡುತ್ತದೆ. ಇಂಥ ಎದುರಾಳಿಗಳಿರುವಾಗ ‘ಎಲ್ಲ ರೋಗಕ್ಕೂ’ ಎಂದು ಬರೆಯಲು ಧೈರ್ಯ ಬೇಕು.

ನನ್ನ ಪರೀಕ್ಷೆ ಸರಳವಾಗಿತ್ತು. ಕುಂಡಗಳಲ್ಲಿದ್ದ ಸೌತೆ ಬಳ್ಳಿಗಳಲ್ಲಿ ಅರ್ಧಕ್ಕೆ ಈ ದ್ರಾವಣ, ಉಳಿದರ್ಧಕ್ಕೆ ಬರೀ ನೀರು. ಎಲ್ಲಕ್ಕೂ ಒಂದೇ ಮಣ್ಣು, ಒಂದೇ ಬಿಸಿಲು. ಎಲೆಗಳು ಶುಚಿಯಾಗಿದ್ದಾಗಲೇ ಶುರು ಮಾಡಿ, ಹೊಸ ಎಲೆ ಬಿಚ್ಚಿಕೊಂಡಂತೆಲ್ಲ ಎರಡೂ ಬದಿಗೆ ಸಿಂಪಡಿಸುತ್ತ ಬಂದೆ. ಬೂದಿ ರೋಗ ಎರಡೂ ಗುಂಪಿಗೆ ಬಂತು. ನೀರು ಹೊಡೆದ ಬಳ್ಳಿಗಳಲ್ಲಿ ಬಿಳಿ ಮಚ್ಚೆಗಳು ಒಂದಕ್ಕೊಂದು ಕೂಡಿಕೊಂಡು ಎಲೆಯನ್ನೇ ಮುಚ್ಚಿದವು. ದ್ರಾವಣ ಕುಡಿದವುಗಳಲ್ಲಿ ತಡವಾಗಿ ಕಾಣಿಸಿಕೊಂಡು, ಚಿಕ್ಕ ಚಿಕ್ಕ ಚುಕ್ಕೆಗಳಾಗಿಯೇ ಉಳಿದವು. ನಾನು ಇಟ್ಟುಕೊಂಡಿದ್ದ ನಿರೀಕ್ಷೆಯೂ ಇಷ್ಟೇ.

ಆಗಲೇ ಬೂದಿ ಮೆತ್ತಿದ್ದ ಒಂದು ಬಳ್ಳಿಗೂ ಹೊಡೆದು ನೋಡಿದೆ, ಲೇಬಲ್ಲಿನ ಮಾತಿಗೆ ಮರ್ಯಾದೆ ಕೊಟ್ಟು. ಹಳೆಯ ಎಲೆಗಳಲ್ಲಿ ಏನೂ ಆಗಲಿಲ್ಲ. ಬೂದಿ ರೋಗದ ಶಿಲೀಂಧ್ರ ಮೇಲ್ಪದರದ ಕೋಶಗಳೊಳಗೆ ಹೀರುಬೇರು ಇಳಿಸಿ ಊಟಕ್ಕೆ ಕುಳಿತ ಮೇಲೆ ಎಚ್ಚರಿಕೆಯ ಕೂಗಿನಿಂದ ಏನು ಪ್ರಯೋಜನ? ಆ ಎಲೆಗಳನ್ನು ಕತ್ತರಿಸಿ ಎಸೆಯುವುದೇ ಮೇಲು.

ಪಟ್ಟಿಯಲ್ಲಿ ನನಗೆ ನಿಜವಾಗಿ ಸಿಟ್ಟು ಬರಿಸಿದ್ದು ಎಲೆ ಮುಟುರು ರೋಗ. ಟೊಮೆಟೊದಲ್ಲಿ ಅದು ಬಿಳಿ ನೊಣ ಹರಡುವ ನಂಜುರೋಗ. ವೈರಸ್ಸಿಗೆ ಗೋಡೆಯೂ ಇಲ್ಲ, ಕೈಟಿನ್ನೂ ಇಲ್ಲ; ಅದು ಸೇರಿಕೊಂಡು ಗಿಡ ಮುದುಡಿದ ಮೇಲೆ ಯಾವ ಸಿಂಪರಣೆಯೂ ಅದನ್ನು ವಾಸಿ ಮಾಡುವುದಿಲ್ಲ. ಇಂಥ ಮಾತು ನಂಬಿದವರು ರೋಗದ ಗಿಡವನ್ನು ಕೀಳದೆ ಉಳಿಸಿಕೊಳ್ಳುತ್ತಾರೆ, ಬಿಳಿ ನೊಣ ಅದನ್ನೇ ಹೀರಿ ಪಕ್ಕದ ಗಿಡಕ್ಕೆ ಹಾರುತ್ತದೆ. ಇದು ಬರೀ ಉತ್ಪ್ರೇಕ್ಷೆಯಾಗಿ ಉಳಿಯುವುದಿಲ್ಲ, ತೋಟವನ್ನೇ ಹಾಳುಮಾಡುತ್ತದೆ.

ಇನ್ನು ‘ಲಸಿಕೆ’. ಗಿಡಕ್ಕೆ ರಕ್ತವಿಲ್ಲ, ಪ್ರತಿಕಾಯಗಳಿಲ್ಲ, ಮೈತುಂಬ ಓಡಾಡಿ ಕಾಯುವ ಬಿಳಿ ರಕ್ತಕಣಗಳಿಲ್ಲ. ಪ್ರತಿ ಕೋಶವೂ ತನ್ನ ಕಾವಲು ತಾನೇ ಕಾಯಬೇಕು. ಹಾಗೆಂದು ಸುದ್ದಿ ಹರಡುವುದೇ ಇಲ್ಲ ಎನ್ನುವಂತಿಲ್ಲ. ತಂಬಾಕು ಗಿಡದ ಕೆಲವು ಎಲೆಗಳಿಗೆ ಮೊಸಾಯಿಕ್ ವೈರಸ್ ತಗುಲಿಸಿದರೆ, ಆಮೇಲೆ ಉಳಿದ ಎಲೆಗಳಿಗೆ ಅದೇ ವೈರಸ್ ತಾಗಿದಾಗ ಗಾಯಗಳು ಚಿಕ್ಕದಾಗಿರುತ್ತವೆ ಎಂದು ರಾಸ್ ಎಂಬ ವಿಜ್ಞಾನಿ 1961ರಲ್ಲಿ ತೋರಿಸಿದರು. 1979ರಲ್ಲಿ ತಂಬಾಕು ಎಲೆಗೆ ಆಸ್ಪಿರಿನ್ ಚುಚ್ಚಿದರೂ ಅಂಥದೇ ಪರಿಣಾಮ ಕಂಡುಬಂತು; ಈ ಎಚ್ಚರಕ್ಕೆ ಆಸ್ಪಿರಿನ್ನಿನ ಹತ್ತಿರದ ನಂಟ, ಗಿಡವೇ ತಯಾರಿಸಿಕೊಳ್ಳುವ ಸ್ಯಾಲಿಸಿಲಿಕ್ ಆಮ್ಲ ಬೇಕೇ ಬೇಕು ಎಂಬುದು ಮುಂದೆ ಖಚಿತವಾಯಿತು. (ಇದನ್ನು ಓದಿ ಮಾತ್ರೆ ಅರೆದು ಗಿಡಕ್ಕೆ ಹಾಕಲು ಹೊರಡಬೇಡಿ. ಪ್ರಮಾಣ ಸ್ವಲ್ಪ ಹೆಚ್ಚಾದರೂ ಎಲೆ ಸುಡುತ್ತದೆ.) ಆದರೆ ಈ ಎಚ್ಚರ ಇಳಿದುಹೋಗುವಂಥದು, ಒಮ್ಮೆ ಹಾಕಿಸಿಕೊಂಡು ನಿಶ್ಚಿಂತರಾಗುವ ಲಸಿಕೆಯಂತೆ ಅಲ್ಲ. ಎಷ್ಟು ಕಾಲಕ್ಕೊಮ್ಮೆ ಮತ್ತೆ ಸಿಂಪಡಿಸಬೇಕು ಎಂಬುದನ್ನೇ ಲೇಬಲ್ ಹೇಳುವುದಿಲ್ಲ.

ಎಲ್ಲ ರೋಗಕ್ಕೂ ಒಂದೇ ತಂತ್ರ ನಡೆಯದಿರುವುದಕ್ಕೆ ಇನ್ನೊಂದು ಕಾರಣವಿದೆ. ಬೂದಿ ರೋಗ, ತುಕ್ಕು ರೋಗದ ಶಿಲೀಂಧ್ರಗಳಿಗೆ ಬದುಕಿರುವ ಕೋಶವೇ ಬೇಕು. ಸೋಂಕು ತಗುಲಿದ ಜಾಗದ ಕೋಶಗಳು ತಾವಾಗಿಯೇ ಸತ್ತರೆ ಅವು ಉಪವಾಸ ಬೀಳುತ್ತವೆ, ಗಿಡ ಬಚಾವಾಗುತ್ತದೆ. ಬೂದು ಬೂಷ್ಟಿನ ಶಿಲೀಂಧ್ರಕ್ಕೆ ಸತ್ತ ಕೋಶವೇ ಹಬ್ಬದೂಟ. ಅದರ ಮುಂದೆ ಇದೇ ಆತ್ಮಾಹುತಿ ಗಿಡಕ್ಕೆ ತಿರುಗುಬಾಣ. ಅಂಥ ಶತ್ರುಗಳ ವಿರುದ್ಧ ಗಿಡ ಹೆಚ್ಚಾಗಿ ಜಾಸ್ಮೋನಿಕ್ ಆಮ್ಲ ಎಂಬ ಇನ್ನೊಂದು ಸಂಕೇತದ ದಾರಿ ಹಿಡಿಯುತ್ತದೆ, ಮತ್ತು ಸ್ಯಾಲಿಸಿಲಿಕ್ ಆಮ್ಲದ ದಾರಿ, ಈ ದಾರಿ ಎರಡೂ ಎಷ್ಟೋ ಸಲ ಒಂದನ್ನೊಂದು ಅದುಮುತ್ತವೆ. ರಕ್ಷಣೆಗೆ ಖರ್ಚೂ ಇದೆ. ಸದಾ ಸಜ್ಜಾಗಿ ನಿಂತ ಗಿಡ ಬೆಳವಣಿಗೆಗೆ ಇಡಬೇಕಾದ ಶಕ್ತಿಯನ್ನು ಕಾವಲಿಗೆ ಸುರಿಯುತ್ತದೆ. ‘ಹೆಚ್ಚು ಬಳಸಿದಷ್ಟೂ ಲಾಭ’ ಎಂಬ ಸಾಲನ್ನು ತಯಾರಕರು ಮೊದಲು ಅಳಿಸಲಿ.

ಬಳಕೆಯ ಬಗ್ಗೆ. ಕೈಟೋಸಾನ್ ಬರೀ ನೀರಿನಲ್ಲಿ ಕರಗದು, ಹುಳಿ ಬೇಕು. ಹಾಗಾಗಿ ಮುಚ್ಚಳ ತೆಗೆದರೆ ವಿನೆಗರ್ ವಾಸನೆ ಬರುತ್ತದೆ, ಗಾಬರಿ ಬೇಡ. ಒಂದು ಲೋಟದಲ್ಲಿ ಸ್ವಲ್ಪ ದ್ರಾವಣ ತೆಗೆದುಕೊಂಡು ಅಡುಗೆ ಸೋಡಾದ ನೀರು ಬೆರೆಸಿ ನೋಡಿದೆ: ಬಿಳಿ ಎಳೆಗಳು ಒಡೆದುಕೊಂಡು ತಳಕ್ಕಿಳಿದವು. ಸೋಪಿನ ನೀರಿನಲ್ಲೂ ಹಾಗೆಯೇ. ಬೋರ್ಡೋ ದ್ರಾವಣದಂಥ ಸುಣ್ಣ ಬೆರೆತವುಗಳ ಜೊತೆ ಇದನ್ನು ಒಂದೇ ಪಂಪಿಗೆ ಹಾಕಿದರೆ ನಳಿಕೆ ಕಟ್ಟಿಕೊಳ್ಳುವುದು ಖಂಡಿತ. ಲೇಬಲ್ಲಿನಲ್ಲಿ ಈ ಎಚ್ಚರಿಕೆ ಇಲ್ಲ. ಕೈಟೋಸಾನ್ ಚಿಪ್ಪಿನಿಂದ ಬಂದದ್ದೋ ಶಿಲೀಂಧ್ರದಿಂದ ತೆಗೆದದ್ದೋ ಎಂಬುದನ್ನೂ ಬರೆದಿಲ್ಲ. ಸೀಗಡಿಯ ಅಲರ್ಜಿ ಇರುವವರು ಅದನ್ನು ಕೇಳಿ ತಿಳಿದುಕೊಂಡೇ ಮುಟ್ಟಲಿ.

ವಸ್ತುವಿನ ಬಗ್ಗೆ ಅನುಮಾನ ಇರುವವರಿಗೆ ಒಂದು ಮಾತು: ಐರೋಪ್ಯ ಒಕ್ಕೂಟ ಕೈಟೋಸಾನ್ ಹೈಡ್ರೋಕ್ಲೋರೈಡನ್ನು ಸಸ್ಯರಕ್ಷಣೆಗೆ ಬಳಸಬಹುದಾದ ಮೂಲವಸ್ತುವೆಂದು 2014ರಲ್ಲೇ ಒಪ್ಪಿಕೊಂಡಿದೆ, ಗಿಡದ ಸ್ವಂತ ರಕ್ಷಣೆಯನ್ನು ಎಬ್ಬಿಸುವ ಅದರ ಗುಣಕ್ಕಾಗಿ. ಸೌತೆ, ಕುಂಬಳದ ಜಾತಿಯ ಬಳ್ಳಿ ಬೆಳೆಸುವವರು ಬೂದಿ ರೋಗದ ಕಾಲಕ್ಕೆ ಮುಂಚೆ ತಂದಿಟ್ಟುಕೊಳ್ಳಿ. ಟೊಮೆಟೊ ಎಲೆ ಮುದುಡಿದೆ ಎಂದು ಓಡಿಹೋಗಿ ಕೊಳ್ಳುವವರಿದ್ದರೆ ಹಣ ಉಳಿಸಿ, ಗಿಡ ಕೀಳಿ. ನಾನು ಮತ್ತೆ ಕೊಳ್ಳುತ್ತೇನೆ, ಆದರೆ ಚಿಕ್ಕ ಬಾಟಲಿ ಸಿಕ್ಕರೆ ಮಾತ್ರ. ಅಳತೆಯ ಮುಚ್ಚಳದಲ್ಲಿ ಗೆರೆಗಳನ್ನೂ ಹಾಕಿ ಕೊಟ್ಟರೆ ಇನ್ನರ್ಧ ನಕ್ಷತ್ರ ಸೇರಿಸಲು ಸಿದ್ಧ.