ಕೊಬ್ಬರಿ, ಎಳ್ಳು, ಹರಳು: ಅರಿಶಿನದ ಮದ್ದಿಗೆ ಯಾವ ಎಣ್ಣೆ?

ಅರಿಶಿನದಲ್ಲಿರುವ ಕರ್ಕ್ಯುಮಿನ್ ನೀರಿನಲ್ಲಿ ಕರಗುವುದೇ ಇಲ್ಲ ಅನ್ನಬಹುದು. ಹಾಗಾಗಿ ಅದನ್ನು ಎಣ್ಣೆಯಲ್ಲಿ ಕರಗಿಸಿ, ಆ ಎಣ್ಣೆಯನ್ನು ನೀರಿನೊಳಗೆ 200 ನ್ಯಾನೋಮೀಟರ್‌ಗಿಂತ ಸಣ್ಣ ಹನಿಗಳಾಗಿ ಒಡೆಯಬೇಕು. ಇದೇ ನ್ಯಾನೋ ಎಮಲ್ಷನ್. ಎಂ.ಫಾರ್ಮ್ ಪ್ರಾಜೆಕ್ಟ್‌ಗೆ ನಾನು ಮೂರು ಎಣ್ಣೆ ಹಿಡಿದು ಕೂತೆ. ಮೂರಕ್ಕೂ ಒಂದೇ ಅಳತೆ: ನೂರು ಗ್ರಾಂನಲ್ಲಿ ಎಣ್ಣೆ 5, ಎಣ್ಣೆ-ನೀರನ್ನು ಬೆರೆಸಿ ಹಿಡಿಯುವ ಟ್ವೀನ್-80 ಹತ್ತು, ಉಳಿದದ್ದು ನೀರು.

ಕೊಬ್ಬರಿ ಎಣ್ಣೆ ಬೇಗ ಒಲಿಯಿತು. ಶಬ್ದದ ಅಲೆಯಿಂದ ಹನಿ ಒಡೆಯುವ ಸೋನಿಕೇಟರ್‌ನಲ್ಲಿ ಐದೇ ನಿಮಿಷ, ಹಾಲಿನಂತಿದ್ದದ್ದು ತಿಳಿಯಾಯಿತು. ಮದ್ದು ಹಾಕದ ಬ್ಯಾಚನ್ನು ಬೆಳಕಿಗೆ ಹಿಡಿದರೆ ಅಂಚಿನಲ್ಲಿ ನಸುನೀಲಿ! ಆದರೆ ಇದು 24 ಡಿಗ್ರಿ ಹತ್ತಿರ ಹೆಪ್ಪುಗಟ್ಟುವ ಎಣ್ಣೆ. ಚಳಿಗಾಲದ ಬೆಳಿಗ್ಗೆ ಬಚ್ಚಲಿನ ಬಾಟಲಿ ನೋಡಿದವರಿಗೆ ಹೇಳಬೇಕಾ? ಫ್ರಿಜ್‌ನಲ್ಲಿಟ್ಟ ಸೀಸೆಯಲ್ಲಿ ವಾರದೊಳಗೆ ಬಿಳಿ ತರಿ ಕಂಡಿತು. ಹನಿಯೊಳಗೆ ಕಟ್ಟಿದ ಕೊಬ್ಬಿನ ಹರಳು ಸೂಜಿಯ ಹಾಗೆ ಹೊರಗೆ ಚಾಚಿ ಪಕ್ಕದ ಹನಿಗೆ ಚುಚ್ಚುತ್ತದೆ, ಎರಡೂ ಅಂಟಿಕೊಳ್ಳುತ್ತವೆ.

ಎಳ್ಳೆಣ್ಣೆಗೆ ಫ್ರಿಜ್ ಕಾಟ ಇರಲಿಲ್ಲ. ಮದ್ದು ಕರಗಿದ್ದು ಮಾತ್ರ ಕಡಿಮೆ. ಸೆಂಟ್ರಿಫ್ಯೂಜ್‌ನಲ್ಲಿ ಗರಗರ ತಿರುಗಿಸಿದಾಗ ಟ್ಯೂಬಿನ ತಳದಲ್ಲಿ ಹಳದಿ ಗಸಿ. ಅಲ್ಲಿಗೇ ಬಿಟ್ಟೆ.

ಹರಳೆಣ್ಣೆ ಮೂರರಲ್ಲೂ ಹಟಮಾರಿ. ಪಿಪೆಟ್‌ಗೆ ಅಂಟಿ ಕೂರುತ್ತದೆ, ತೂಕ ಮಾಡಿಯೇ ಹಾಕಬೇಕು. ಅದರ ಕೊಬ್ಬಿನಾಮ್ಲಗಳಲ್ಲಿ ಸುಮಾರು ಶೇ. 90ರಷ್ಟು ರಿಸಿನೋಲಿಕ್ ಆಮ್ಲ. ಆ ಆಮ್ಲದಲ್ಲಿ ಹೆಚ್ಚಿಗೆ ಇರುವ ಹೈಡ್ರಾಕ್ಸಿಲ್ (ಆಮ್ಲಜನಕ-ಜಲಜನಕದ ಜೋಡಿ) ಗುಂಪಿನಿಂದಲೇ ಎಣ್ಣೆ ಅಷ್ಟು ಮಂದ, ಕರ್ಕ್ಯುಮಿನ್ ಚೆನ್ನಾಗಿ ಕರಗುವುದೂ ಅದರಿಂದಲೇ. ಆದರೆ ಮಂದ ಎಣ್ಣೆ ಸುಲಭಕ್ಕೆ ಒಡೆಯಲ್ಲ. ಹದಿನೈದು ನಿಮಿಷ ಬಿಡದೆ ಸೋನಿಕೇಟರ್ ಓಡಿಸಿದೆ, ಸುತ್ತ ಐಸ್ ಇಡುವುದನ್ನು ಮರೆತೆ. ಬೀಕರ್ ಮುಟ್ಟಲಾರದಷ್ಟು ಕಾದು, ಹಳದಿ ಬಣ್ಣವೇ ಮಾಸಿತ್ತು. ನನ್ನ ಮುಖವೂ ಹರಳೆಣ್ಣೆ ಕುಡಿದ ಹಾಗೆ. ಐಸ್ ಇಟ್ಟು, ಮೂವತ್ತು ಸೆಕೆಂಡ್ ಓಡಿಸಿ ಮೂವತ್ತು ಸೆಕೆಂಡ್ ನಿಲ್ಲಿಸಿ, ಮತ್ತೆ ಮಾಡಿದೆ. ಹನಿ ಸಣ್ಣದಾಯಿತು, ಆದರೂ ಕೊಬ್ಬರಿಯಷ್ಟು ಅಲ್ಲ.

ಸುಮ್ನೆ ನೋಡೋಣ ಅಂತ ಹರಳೆಣ್ಣೆ ಮೂರು ಪಾಲಿಗೆ ಕೊಬ್ಬರಿ ಎಣ್ಣೆ ಒಂದು ಪಾಲು ಬೆರೆಸಿದೆ. ಎಣ್ಣೆ ತೆಳುವಾಗಿ ಬೇಗ ಒಡೆಯಿತು, ಕರಗಿದ ಮದ್ದೂ ಹೆಚ್ಚೇನೂ ಇಳಿಯಲಿಲ್ಲ. ಫ್ರಿಜ್‌ನಲ್ಲಿ ನಲವತ್ತನೇ ದಿನಕ್ಕೂ ತರಿ ಇಲ್ಲ. ನನ್ನ ಓಟು ಇದಕ್ಕೇ. ಒಂದೇ ತಕರಾರು: ಕುಡಿಯುವ ಮದ್ದಿಗೆ ಹತ್ತು ಪಾಲು ಟ್ವೀನ್ ಜಾಸ್ತಿಯೇ ಆಯಿತು, ನಾಲಿಗೆಗೆ ಕಹಿ. ಈ ವಾರ ಆರಕ್ಕೆ ಇಳಿಸಿ ಒಂದು ಬ್ಯಾಚ್ ಇಟ್ಟಿದ್ದೇನೆ.