ಬಿಎಸ್‌ಎ ಎಂ20 ಮತ್ತು ಮ್ಯಾಚ್‌ಲೆಸ್ ಜಿ3ಎಲ್: ನಮ್ಮ ಬಿಸಿಲಿಗೆ ಯಾವುದು ಹಿತ?

ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ಸೇನೆಗಾಗಿ ದೊಡ್ಡ ಸಂಖ್ಯೆಯಲ್ಲಿ ತಯಾರಾದ ಈ ಎರಡೂ ಬೈಕ್‌ಗಳು ಹಳೆಯ ಗಾಡಿಗಳ ಸಂಗ್ರಹಕ್ಕೆ ಯೋಗ್ಯವಾದವು. ಆದರೆ ಬಳ್ಳಾರಿ, ರಾಯಚೂರು, ಕೊಪ್ಪಳದಂಥ ಸುಡುಬಿಸಿಲಿನ ಜಿಲ್ಲೆಗಳಲ್ಲಿ ಆಗಾಗ ಓಡಿಸುವ ಆಸೆಯೂ ಇರುವವರು ಮ್ಯಾಚ್‌ಲೆಸ್ ಕೊಳ್ಳುವುದೇ ಲೇಸೆಂದು ನನಗೆ ಅನಿಸಿದೆ.

ಬರ್ಮಿಂಗ್‌ಹ್ಯಾಮ್‌ನ ಬಿಎಸ್‌ಎ ಕಾರ್ಖಾನೆಯಿಂದ ಯುದ್ಧಕಾಲದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಎಂ20ಗಳು ಹೊರಬಂದವು. ಅದರ 496 ಸಿಸಿ ಎಂಜಿನ್ ಸೈಡ್ ವಾಲ್ವ್ ಮಾದರಿಯದು. ಶಕ್ತಿ ಸುಮಾರು 13 ಅಶ್ವಶಕ್ತಿ. ವಾಲ್ವ್‌ಗಳು ಸಿಲಿಂಡರಿನ ಪಕ್ಕದಲ್ಲೇ ಇರುವುದರಿಂದ ಸುಟ್ಟ ಅನಿಲ ಸಿಲಿಂಡರಿನ ಮಗ್ಗುಲಲ್ಲೇ ಹಾದು ಹೊರಹೋಗುತ್ತದೆ ಮತ್ತು ಆ ಭಾಗ ಬಹಳ ಕಾಯುತ್ತದೆ. ತಾಪಮಾನ 40 ಡಿಗ್ರಿ ದಾಟುವ ಏಪ್ರಿಲ್–ಮೇ ತಿಂಗಳಲ್ಲಿ, ಕುಡತಿನಿಯ ಕಡೆ ಅದಿರಿನ ಲಾರಿಗಳ ಹಿಂದೆ ನಿಧಾನವಾಗಿ ಸಾಗುವಾಗ ಇದು ಚೆನ್ನಾಗಿ ಅರಿವಿಗೆ ಬರುತ್ತದೆ. ಆದರೂ ಕಡಿಮೆ ವೇಗದಲ್ಲಿ ಆ ಎಂಜಿನ್ ತೋರುವ ಎಳೆತ ಮತ್ತು ತಾಳ್ಮೆಯನ್ನು ಮೆಚ್ಚದೆ ಇರಲಾಗದು.

ಲಂಡನ್ನಿನ ಪ್ಲಮ್‌ಸ್ಟೆಡ್‌ನಲ್ಲಿ ತಯಾರಾದ ಜಿ3ಎಲ್‌ನ ಎಂಜಿನ್ 347 ಸಿಸಿ ಮಾತ್ರ. ವಾಲ್ವ್‌ಗಳು ಹೆಡ್ಡಿನಲ್ಲಿ, ಅಂದರೆ ಸಿಲಿಂಡರಿನ ಮೇಲಿನ ಮುಚ್ಚಳದಲ್ಲಿ ಇರುವುದರಿಂದ ಸಿಲಿಂಡರಿನ ಮಗ್ಗುಲು ಎಂ20ಯಷ್ಟು ಕಾಯುವುದಿಲ್ಲ, ಮೇಲಾಗಿ ಅದು ಸುಮಾರು 16 ಅಶ್ವಶಕ್ತಿ ಕೊಡುತ್ತದೆ. ತೂಕವೂ ಎಂ20ಗಿಂತ ಕಡಿಮೆ. ವಾಲ್ವ್‌ಗಳನ್ನು ಉದ್ದನೆಯ ಕಡ್ಡಿಗಳಿಂದ (ಪುಶ್‌ರಾಡ್) ತೆರೆಯುವ ಹಳೆಯ ಬುಲೆಟ್ ಬಿಚ್ಚಿ ಜೋಡಿಸಿ ಅನುಭವವಿರುವ ಹಿರಿಯ ಮೆಕ್ಯಾನಿಕ್‌ಗಳಿಗೆ ಇದರ ರಚನೆ ಹೊಸದೆನಿಸುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು 1941ರಲ್ಲಿ ಇದಕ್ಕೆ ಅಳವಡಿಸಿದ, ಎಣ್ಣೆ ತುಂಬಿದ ಟೆಲಿಸ್ಕೋಪಿಕ್ ಫೋರ್ಕ್, ಅಂದರೆ ಒಂದರೊಳಗೊಂದು ಜಾರುವ ಕೊಳವೆಗಳಿರುವ ಮುಂಚಕ್ರದ ಕವಲು. ಎರಡೂ ಗಾಡಿಗಳ ಹಿಂಬದಿಗೆ ಸಸ್ಪೆನ್ಷನ್ ಇಲ್ಲ, ಸ್ಪ್ರಿಂಗಿನ ಸೀಟೇ ಗತಿ. ಹೀಗಿರುವಾಗ ಎರೆಭೂಮಿಯಲ್ಲಿ ಕುಸಿದು ಏರಿಳಿತಗೊಂಡ ಸಿರುಗುಪ್ಪದ ಕಡೆಯ ರಸ್ತೆಗಳಲ್ಲಿ ಎಂ20ಯ ಗರ್ಡರ್ ಫೋರ್ಕ್ (ಸ್ಪ್ರಿಂಗಿನ ಹಳೆಯ ಮಾದರಿಯ ಕವಲು) ಕೈಗಳಿಗೆ ದಾಟಿಸುವ ಪೆಟ್ಟನ್ನು ಮ್ಯಾಚ್‌ಲೆಸ್ ಬಹುಪಾಲು ತಾನೇ ನುಂಗಿಕೊಳ್ಳುತ್ತದೆ.

ಎಂ20ಯನ್ನು ಬಹಳ ದಿನ ನಿಲ್ಲಿಸಿದರೆ ಆಯಿಲ್ ಟ್ಯಾಂಕಿನ ಎಣ್ಣೆ ಮೆಲ್ಲನೆ ಎಂಜಿನ್ನಿನ ತಳದ ಕ್ರ್ಯಾಂಕ್‌ಕೇಸಿಗೆ ಇಳಿಯುತ್ತದೆ. ಸ್ಟಾರ್ಟ್ ಮಾಡುವ ಮುನ್ನ ಅದನ್ನು ಹೊರತೆಗೆಯಬೇಕು.

ಬೆಲೆ ಮಾತಾಡುವ ಮೊದಲು ಕಾಗದಪತ್ರ ನೋಡಿ. ಬಳ್ಳಾರಿ 1953ರವರೆಗೆ ಮದ್ರಾಸ್ ರಾಜ್ಯದಲ್ಲಿಯೂ ರಾಯಚೂರು, ಕೊಪ್ಪಳಗಳು 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿಯೂ ಇದ್ದುದರಿಂದ ಹಳೆಯ ದಾಖಲೆಗಳ ಜಾಡು ಬೇರೆ ಬೇರೆ ಕಡೆಗೆ ಹೋಗಬಹುದು. 2021ರ ಕೇಂದ್ರ ನಿಯಮಗಳ ಪ್ರಕಾರ 50 ವರ್ಷ ದಾಟಿದ ವಾಹನಕ್ಕೆ ವಿಂಟೇಜ್ ನೋಂದಣಿ ಪಡೆಯಬಹುದು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ. ಆದರೆ ಹಾಗೆ ನೋಂದಾಯಿಸಿದ ಗಾಡಿಯನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಹಳೆಯ ನೋಂದಣಿ ಊರ್ಜಿತವಾಗಿದ್ದರೆ ಅದೇ ಸಂಖ್ಯೆಯನ್ನು ಉಳಿಸಿಕೊಳ್ಳಲು ಅವಕಾಶವಿದೆ. ಅಂಥ ಗಾಡಿ ಸಿಕ್ಕರೆ ಸ್ವಲ್ಪ ಹೆಚ್ಚು ಹಣ ಕೊಟ್ಟರೂ ನಷ್ಟವಿಲ್ಲ.

ಕ್ರೋಮ್ ಬಳಿದು ಮಿರುಗಿಸಿದ ಗಾಡಿಗಿಂತ, ಸೇನೆಯ ಹಳೆಯ ಬಣ್ಣ ಅಲ್ಲಲ್ಲಿ ಉಳಿದು, ಎಂಜಿನ್ ಮತ್ತು ಚಾಸಿಯ ಸಂಖ್ಯೆಗಳು ಸ್ಪಷ್ಟವಾಗಿ ಓದಲು ಬರುವ ಗಾಡಿಯನ್ನೇ ಆರಿಸಿಕೊಳ್ಳಿ. ತಿದ್ದಿದ ಅಥವಾ ಉಜ್ಜಿ ಅಳಿಸಿದ ಸಂಖ್ಯೆ ಕಂಡರೆ, ಅದು ಎಷ್ಟೇ ಅಗ್ಗವಾಗಿದ್ದರೂ ಕೊಳ್ಳಬೇಡಿ.